ಅಡಿಕೆ ತೋಟದ ನೆರಳಿಗೆ ಯಾವ ಬಳ್ಳಿ: ಅಲಮಂಡವೋ, ಗುಲಗಂಜಿಯೋ, ಗೌರಿ ಹೂವೋ?

ನಮ್ಮ ಬದಿಯಡ್ಕ ಕಡೆಯ ಮನೆಗಳಲ್ಲಿ ಒಳ್ಳೆ ಬಿಸಿಲು ಬೀಳುವುದು ಅಂಗಳಕ್ಕೆ ಮಾತ್ರ. ಅದು ಅಡಿಕೆ ಒಣಗಿಸಲಿಕ್ಕೇ ಬೇಕು. ಉಳಿದ ಜಾಗವೆಲ್ಲ ಅಡಿಕೆ, ತೆಂಗು, ಹಲಸಿನ ನೆರಳು. ಆ ನೆರಳಲ್ಲೂ ಹೂ ಬಿಡಬೇಕು, ವರ್ಷ ವರ್ಷ ಹೊಸದಾಗಿ ನೆಡುವ ಕೆಲಸ ಇರಬಾರದು ಅಂತ ಮೂರು ಬಳ್ಳಿಗಳನ್ನು ಬೆಳೆಸಿ ನೋಡಿದೆ. ಮೂರೂ ವಿಷದ ಬಳ್ಳಿಗಳೇ. ಹಾಗಾಗಿ ಹೂವಿನ ಅಂದ ನೋಡಿದರಷ್ಟೇ ಸಾಲದು. ವಿಷ ಯಾವ ಭಾಗದಲ್ಲಿ ಜಾಸ್ತಿ, ಅದು ಮನೆಯಲ್ಲಿ ಯಾರ ಕೈಗೆ ಸಿಗುತ್ತದೆ ಅಂತಲೂ ನೋಡಬೇಕು.

ಅಲಮಂಡ ಎಲ್ಲರಿಗೂ ಗೊತ್ತು. ದಕ್ಷಿಣ ಅಮೆರಿಕದಿಂದ ಬಂದದ್ದು, ಅಗಲ ಬಾಯಿಯ ಹಳದಿ ಹೂ. ಹಲಸಿನ ಬುಡದಲ್ಲಿ ನೆಟ್ಟ ಗಿಡ ಬದುಕಿತು. ಆದರೆ ಬೆಳಕು ಹುಡುಕಿಕೊಂಡು ಸುಮ್ನೆ ಉದ್ದ ಹೋಯಿತೇ ಹೊರತು ಹೂ ಬಿಟ್ಟದ್ದು ಬಿಸಿಲಿಗೆ ಚಾಚಿದ ತುದಿಯಲ್ಲಿ ಮಾತ್ರ. ಅದರದ್ದೇ ಗೆಲ್ಲು ಗೇಟಿನ ಹತ್ತಿರ ಬಿಸಿಲಲ್ಲಿ ನೆಟ್ಟರೆ ಮೈತುಂಬ ಹೂ. ಕತ್ತರಿಸಿದಲ್ಲಿ ಬಿಳಿ ಹಾಲು ಬರುತ್ತದೆ. ಅದು ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ಹೊಟ್ಟೆಗೆ ಹೋದರೆ ವಾಂತಿ, ಭೇದಿ. ಅಂದರೆ ಇದರ ಕಾಟ ಮುಖ್ಯವಾಗಿ ಕತ್ತಿ ಹಿಡಿದವರಿಗೆ. ಸವರಿದ ಗೆಲ್ಲುಗಳನ್ನು ಹಟ್ಟಿಗೆ ಹಾಸುವ ಸೊಪ್ಪಿನ ಜೊತೆ ಮಾತ್ರ ಸೇರಿಸಬೇಡಿ. ಎಳೆ ಸೊಪ್ಪು ಕಂಡರೆ ದನ ಬಿಡುತ್ತದಾ?

ಗುಲಗಂಜಿ ನಮ್ಮ ಬೇಲಿಗಳ ಹಳೆಯ ಬಳ್ಳಿ. ಆರೈಕೆ ಏನೂ ಬೇಡ. ಹೂ ಮಾತ್ರ ಚಿಕ್ಕದು, ತಿಳಿ ನೇರಳೆ, ಎಲೆಯ ನಡುವೆ ಹುಡುಕಬೇಕು. ಕಣ್ಣಿಗೆ ಹಬ್ಬ ಅಂದರೆ ಒಣಗಿದ ಕೋಡು ಒಡೆದಾಗ ಕಾಣುವ ಕೆಂಪು-ಕಪ್ಪು ಬೀಜ. ಒಂದು ಕಾಲದಲ್ಲಿ ಚಿನ್ನ ತೂಗುತ್ತಿದ್ದದ್ದು ಇದರಲ್ಲೇ. ಅದರೊಳಗಿನ ಅಬ್ರಿನ್ ಬಹಳ ಉಗ್ರ ವಿಷ. ಗಟ್ಟಿ ಸಿಪ್ಪೆಯ ಬೀಜವನ್ನು ಇಡೀ ನುಂಗಿದರೆ ಕೆಲವೊಮ್ಮೆ ಹಾಗೆಯೇ ಹೊರಗೆ ಹೋಗಿಬಿಡಬಹುದು. ಜಗಿದರೆ, ಅಥವಾ ಸರ ಪೋಣಿಸಲು ತೂತು ಮಾಡಿದ ಬೀಜ ಹೊಟ್ಟೆಗೆ ಹೋದರೆ, ಒಂದೆರಡೂ ಮಗುವಿನ ಜೀವಕ್ಕೆ ಅಪಾಯ. ನೆಲದಲ್ಲಿ ಬಿದ್ದ ಕೆಂಪು ಬೀಜವನ್ನು ಯಾವ ಮಗು ಹೆಕ್ಕದೆ ಬಿಡುತ್ತದೆ? ನಮ್ಮ ಬೇಲಿಯಿಂದ ಅದನ್ನು ತೆಗೆದುಹಾಕಿದೆ. ಮಕ್ಕಳು ಓಡಾಡುವ ಮನೆಗೆ ಇದು ಬೇಡವೇ ಬೇಡ.

ನನ್ನ ಮನಸ್ಸು ಗೆದ್ದದ್ದು ಗೌರಿ ಹೂ. ಅಗ್ನಿಶಿಖೆ ಅಂತಲೂ ಹೇಳುತ್ತಾರೆ, ಮಲಯಾಳದವರಿಗೆ ಮೇಂತೋನ್ನಿ. ತಮಿಳುನಾಡಿನ ರಾಜ್ಯ ಪುಷ್ಪವೂ ಹೌದು. ಅಲ್ಲಿ ಬೀಜಕ್ಕಾಗಿ ಇದನ್ನು ಹೊಲದಲ್ಲೇ ಬೆಳೆಯುತ್ತಾರೆ. ಅದರಿಂದ ತೆಗೆಯುವ ಕಾಲ್ಚಿಸಿನ್ ಗೌಟ್ ಎಂಬ ಕೀಲುನೋವಿನ ಕಾಯಿಲೆಗೆ ಔಷಧ.

ಮೊಗ್ಗು ಹಸಿರು, ಕೆಳಮುಖ. ಅರಳುವಾಗ ಆರು ಎಸಳೂ ಹಿಂದಕ್ಕೆ ಮಡಚಿ ಮೇಲೆ ನಿಲ್ಲುತ್ತವೆ, ಅಂಚು ಅಲೆ ಅಲೆ. ಬುಡ ಹಳದಿ, ತುದಿ ಕೆಂಪು. ದಿನ ಕಳೆದಂತೆ ಕೆಂಪು ಕೆಳಗಿಳಿದು ಇಡೀ ಹೂವನ್ನೇ ತುಂಬುತ್ತದೆ. ಹಾಗಾಗಿ ಒಂದೇ ಬಳ್ಳಿಯಲ್ಲಿ ಹಸಿರು, ಹಳದಿ, ಕೆಂಪು ಮೂರನ್ನೂ ಒಟ್ಟಿಗೆ ನೋಡಬಹುದು. ಎಲೆಯ ತುದಿಯೇ ಸುರುಳಿಯಾಗಿ ಆಸರೆ ಹಿಡಿಯುತ್ತದೆ. ಅಡಿಕೆ ಮರದ ದಪ್ಪ ಕಾಂಡ ಅದಕ್ಕೆ ಆಗದು, ಪೆನ್ಸಿಲ್ ದಪ್ಪದ ಕೋಲು ಊರಿ ಕೊಡಬೇಕು.

ಆದರೆ ನೆರಳು ಅಂದರೆ ಯಾವ ನೆರಳೂ ಆಗುತ್ತದೆ ಅಂತಲ್ಲ. ಹಲಸಿನ ದಟ್ಟ ನೆರಳಲ್ಲಿ ಬಳ್ಳಿ ಸಪೂರವಾಯಿತು, ಹೂ ಇಲ್ಲ. ತೋಟದ ಅಂಚಿನಲ್ಲಿ, ಬೆಳಗಿನ ಓರೆ ಬಿಸಿಲು ಬರುವಲ್ಲಿ ಚೆನ್ನಾಗಿ ಬಂತು. ಬುಡ ತಂಪಿರಬೇಕು, ತಲೆಗೆ ಬೆಳಕು ಬೇಕು. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ನೀರು ನಿಲ್ಲುವ ತಗ್ಗಿನಲ್ಲಿ ಗೆಡ್ಡೆ ಕೊಳೆಯುತ್ತದೆ. ಮುರಕಲ್ಲಿನ ಬರೆಯ, ಅಂದರೆ ಕೆಂಪು ಕಲ್ಲಿನ ದಿಬ್ಬದ ಮೇಲೆ, ತರಗೆಲೆ ಗೊಬ್ಬರ ಸೇರಿಸಿದ ಮಣ್ಣು ಅದಕ್ಕೆ ಹೇಳಿಸಿದ್ದು. ಇಷ್ಟು ವಿಷದ ಗಿಡಕ್ಕೂ ಒಂದು ಶತ್ರು ಇದೆ. ಕಪ್ಪು ಮೈಯಲ್ಲಿ ಬಿಳಿ, ಕೆಂಪು ಚುಕ್ಕೆಯ ಹುಳು. ಮಳೆಗಾಲದಲ್ಲಿ ಬಂದರೆ ಎಲೆಯನ್ನೆಲ್ಲ ಬೋಳಿಸಿಬಿಡುತ್ತದೆ. ದಿನಾ ಎಲೆಯ ಅಡಿ ನೋಡಿ ಹೆಕ್ಕಿ ತೆಗೆಯುವುದೇ ದಾರಿ.

ಇಡೀ ಗಿಡವೇ ವಿಷ, ಗೆಡ್ಡೆಯಲ್ಲಿ ಇನ್ನೂ ಜಾಸ್ತಿ. ನಮ್ಮ ಊರಲ್ಲಿ ಅದೇ ದೊಡ್ಡ ಚಿಂತೆ. ನಾವು ಗೆಣಸು, ಕೂವೆ, ಅರಶಿನ ಅಗೆಯುವವರು. ಆ ಅಗೆತದ ಹೊತ್ತಿಗೆ ಗೌರಿ ಹೂವಿನ ಬಳ್ಳಿ ಒಣಗಿ ನೆಲದ ಮೇಲೆ ಗುರುತೂ ಇರುವುದಿಲ್ಲ. ಗೆಡ್ಡೆ ಗೆಣಸಿನ ಹಾಗೆಯೇ ಕಾಣುತ್ತದೆ, ಬೇಯಿಸಿದರೂ ವಿಷ ಹೋಗುವುದಿಲ್ಲ. ಆದ್ದರಿಂದ ತರಕಾರಿ ಸಾಲಿನಿಂದ ದೂರ, ಹಾರೆ ಹೋಗದ ಕಡೆ, ಸುತ್ತ ಕಲ್ಲಿಟ್ಟು ಬೆಳೆಸಿದ್ದೇನೆ. ಕೆಲಸಕ್ಕೆ ಬರುವವರಿಗೂ ತೋರಿಸಿಟ್ಟಿದ್ದೇನೆ. ಯಾರಾದರೂ ತಿಂದರೆ ವಾಂತಿ ಶುರುವಾಗಲು ಕೆಲವು ಗಂಟೆ ಬೇಕು. ಅಲ್ಲಿಯವರೆಗೆ ಕಾಯಬಾರದು, ಗಿಡದ ತುಂಡು ಹಿಡಿದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಕೊನೆಗೆ ನಮ್ಮಲ್ಲಿ ಅಲಮಂಡ ಗೇಟಿಗೆ, ಗೌರಿ ಹೂ ಬರೆಗೆ. ನೆಡುವವರು ಬೀಜ ಬಿಟ್ಟು ಗೆಡ್ಡೆಯನ್ನೇ ತನ್ನಿ. ಬೀಜದ ಗಿಡ ಹೂ ಬಿಡಲು ವರ್ಷಗಟ್ಟಲೆ ಕಾಯಬೇಕು. ಗೆಡ್ಡೆಯ ಕವಲಿನ ತುದಿಯ ಮೊಳಕೆ ಮುರಿದಿದೆಯಾ ನೋಡಿ, ಮುರಿದರೆ ಆ ಕವಲು ಚಿಗುರುವುದಿಲ್ಲ. ಮೇ ಕೊನೆಗೆ, ಕೈಗೆ ಗ್ಲೌಸ್ ಹಾಕಿಕೊಂಡು, ಬೆರಳುದ್ದ ಆಳದಲ್ಲಿ ಅಡ್ಡ ಮಲಗಿಸಿ ಮಣ್ಣು ಮುಚ್ಚಿ. ಕೋಲನ್ನು ಆಗಲೇ ಊರಿಬಿಡಿ, ಆಮೇಲೆ ಊರಲು ಹೋದರೆ ಗೆಡ್ಡೆಗೇ ಚುಚ್ಚುತ್ತದೆ.