ಎನ್‌ವಿಡಿಯಾ ಡ್ರೈವರ್: ಡಿಸ್ಟ್ರೋ ಪ್ಯಾಕೇಜೋ, ರನ್ ಫೈಲೋ?

ಲಿನಕ್ಸಿನಲ್ಲಿ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ಹಾಕಲು ಮುಖ್ಯವಾಗಿ ಎರಡು ದಾರಿ: ನಿಮ್ಮ ಡಿಸ್ಟ್ರೋ (ಉಬುಂಟು, ಫೆಡೋರಾದಂಥ ಲಿನಕ್ಸ್ ರೂಪ) ಕೊಡುವ ಪ್ಯಾಕೇಜ್, ಇಲ್ಲವೇ ಕಂಪನಿಯ ಸೈಟಿನಿಂದ ಇಳಿಸಿಕೊಳ್ಳುವ ರನ್ ಫೈಲ್ (.run ಎಂಬ ಇನ್‌ಸ್ಟಾಲರ್).

ರನ್ ಫೈಲಿನ ದೊಡ್ಡ ಲಾಭ, ಹೊಸ ಆವೃತ್ತಿ ಬೇಗ ಸಿಗುತ್ತದೆ. ಆದರೆ ಕೆಲಸ ಜಾಸ್ತಿ. ಲಿನಕ್ಸಿನಲ್ಲಿ ಮೊದಲೇ ಇರುವ ಮುಕ್ತ ಡ್ರೈವರ್ ನೂವೋವನ್ನು ಬ್ಲ್ಯಾಕ್‌ಲಿಸ್ಟ್ ಮಾಡಬೇಕು, ಅಂದರೆ ಲೋಡ್ ಆಗದಂತೆ ತಡೆಯಬೇಕು. ಡೆಸ್ಕ್‌ಟಾಪ್ ನಿಲ್ಲಿಸಿ ಬರೀ ಟರ್ಮಿನಲ್‌ನಲ್ಲಿ ರನ್ ಫೈಲನ್ನು ಓಡಿಸಬೇಕು. ಕರ್ನಲ್ (ಲಿನಕ್ಸಿನ ತಿರುಳು) ಹೆಡರ್ ಫೈಲುಗಳು, ಕಂಪೈಲರ್ ಮೊದಲೇ ಇರಬೇಕು. ಹೊಸ ಕರ್ನಲ್ ಬಂದಾಗ ಮಾಡ್ಯೂಲನ್ನು (ಡ್ರೈವರಿನ ಕರ್ನಲ್ ಭಾಗ) ತಾನೇ ಮತ್ತೆ ಕಟ್ಟುವ ಡಿಕೆಎಂಎಸ್ ಇಲ್ಲದೆ ಹಾಕಿದಿರೋ, ಕರ್ನಲ್ ಅಪ್‌ಡೇಟ್ ಆದ ಮೇಲೆ ಹೊಸ ಕರ್ನಲ್‌ಗೆ ಮಾಡ್ಯೂಲೇ ಇರುವುದಿಲ್ಲ. ಲಾಗಿನ್ ಪರದೆ ಬರಬೇಕಾದ ಜಾಗದಲ್ಲಿ ಕರ್ಸರ್ ಸುಮ್ನೆ ಮಿನುಗುತ್ತಾ ಕೂತಿರಬಹುದು!

ಪ್ಯಾಕೇಜಿನಲ್ಲಿ ಈ ತಲೆನೋವು ಕಡಿಮೆ. ಉಬುಂಟುವಿನಲ್ಲಿ ‘ಅಡಿಷನಲ್ ಡ್ರೈವರ್ಸ್’ ತೆರೆದು, ಶಿಫಾರಸು ಮಾಡಿದ್ದನ್ನು ಆರಿಸಿ, ರೀಬೂಟ್ ಮಾಡಿದರೆ ಆಯಿತು. ಫೆಡೋರಾದವರು ಆರ್‌ಪಿಎಂ ಫ್ಯೂಷನ್ ಎಂಬ ಹೆಚ್ಚುವರಿ ಪ್ಯಾಕೇಜ್ ಭಂಡಾರ ಸೇರಿಸಿಕೊಂಡು ಅಲ್ಲಿಂದ ಡ್ರೈವರ್ ಹಾಕಬಹುದು. ಅಲ್ಲಿ ಮಾಡ್ಯೂಲ್ ತಯಾರಾಗಲು ಕೆಲವು ನಿಮಿಷ ಬೇಕು, ಅವಸರದಲ್ಲಿ ರೀಬೂಟ್ ಮಾಡಬೇಡಿ.

ಸೆಕ್ಯೂರ್ ಬೂಟ್ (ಬೂಟ್ ಆಗುವಾಗ ತಂತ್ರಾಂಶದ ಸಹಿ ಪರೀಕ್ಷಿಸುವ ವ್ಯವಸ್ಥೆ) ಆನ್ ಇದ್ದರೆ, ಸಹಿ ಇಲ್ಲದ ಮಾಡ್ಯೂಲನ್ನು ಕರ್ನಲ್ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಡ್ರೈವರ್ ಹಾಕುವಾಗ ಇದಕ್ಕಾಗಿ ಉಬುಂಟು ಹೊಸ ಪಾಸ್‌ವರ್ಡ್ ಕೇಳಿದರೆ, ಕೊಟ್ಟದ್ದನ್ನು ನೆನಪಿಟ್ಟುಕೊಳ್ಳಿ. ರೀಬೂಟ್ ಆದಾಗ ಬರುವ ನೀಲಿ ಪರದೆಯಲ್ಲಿ ‘ಎನ್‌ರೋಲ್ ಎಂಒಕೆ’ (ಸಹಿಯ ಕೀಲಿಯನ್ನು ನೋಂದಾಯಿಸುವ ಆಯ್ಕೆ) ಆರಿಸಿ ಆ ಪಾಸ್‌ವರ್ಡನ್ನೇ ಕೊಡಬೇಕು. ಗಾಬರಿಯಾಗಿ ಆ ಪರದೆಯನ್ನು ದಾಟಿ ಹೋಗುವವರೇ ಜಾಸ್ತಿ ಅಲ್ವಾ!

ನನ್ನ ಮತ ಪ್ಯಾಕೇಜಿಗೇ. ಕಾರ್ಡ್ ಹಳೆಯ ಕೆಪ್ಲರ್ ಪೀಳಿಗೆಯದಾದರೆ ಡ್ರೈವರಿನ 470 ಸರಣಿಯೇ ಕೊನೆ, ಅದಕ್ಕಿಂತ ಹೊಸದು ನಡೆಯದು. ಎರಡೂ ದಾರಿಗಳನ್ನು ಬೆರೆಸಬೇಡಿ. ಮೊದಲು ರನ್ ಫೈಲ್ ಹಾಕಿದ್ದರೆ ಅದನ್ನು ತೆಗೆದ ಮೇಲೆಯೇ ಪ್ಯಾಕೇಜ್ ಹಾಕಿ.