ಎಆರ್‌ಎಂ ಲ್ಯಾಪ್‌ಟಾಪ್ ಕೊಳ್ಳುವ ಕಚೇರಿಗಳವರು ಮೊದಲು ಡ್ರೈವರ್ ನೋಡಿಕೊಳ್ಳಿ

ಬೆಂಗಳೂರಿನ ಜಯನಗರದ ಒಂದು ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಕಳೆದ ವರ್ಷ ನಮಗೆ ಇಂಟೆಲ್‌ಗಿಂತ ಬೇರೆ ವಿನ್ಯಾಸದ ಎಆರ್‌ಎಂ ಪ್ರೊಸೆಸರ್ ಇರುವ 30 ವಿಂಡೋಸ್ 11 ಲ್ಯಾಪ್‌ಟಾಪ್‌ಗಳು ಬಂದವು. ಬ್ಯಾಟರಿ ದಿನವಿಡೀ ಬರುತ್ತದೆ, ಹಳೆಯ ತಂತ್ರಾಂಶಗಳೂ ನಡೆಯುತ್ತವೆ ಎಂದು ಮಾರಿದವರು ಹೇಳಿದ್ದರು. ಅದು ಸುಳ್ಳಲ್ಲ, ಆದರೆ ಡ್ರೈವರ್‌ಗಳ, ಅಂದರೆ ಪ್ರಿಂಟರ್, ಟೋಕನ್‌ನಂಥ ಸಾಧನಗಳನ್ನು ವಿಂಡೋಸ್‌ಗೆ ಜೋಡಿಸುವ ತಂತ್ರಾಂಶಗಳ, ವಿಷಯವನ್ನು ಅವರು ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಎಂದಿನಂತೆ ಸರ್ವರ್‌ನಿಂದ ಎಲ್ಲ ತಂತ್ರಾಂಶ ಪ್ಯಾಕೇಜ್‌ಗಳನ್ನೂ ಲ್ಯಾಪ್‌ಟಾಪ್‌ಗಳಿಗೆ ಕಳುಹಿಸಿದೆ. ಮೂವತ್ತೂ ಹೆಸರುಗಳ ಮುಂದೆ ‘ಯಶಸ್ವಿ’ ಎಂಬ ಹಸಿರು ಗುರುತು ಬಂತು. ಮರುದಿನ ಮನೆಯಿಂದ ಕೆಲಸ ಮಾಡುವವರಿಗೆ ಕಚೇರಿಯ ನೆಟ್‌ವರ್ಕಿಗೆ ಸುರಕ್ಷಿತವಾಗಿ ಸೇರಿಸುವ ವಿಪಿಎನ್ ಸಿಗಲಿಲ್ಲ. ಅಂದು ತಿಂಗಳ 18ನೇ ತಾರೀಕು; 20ರೊಳಗೆ ಜಿಎಸ್‌ಟಿಯ ಮಾಸಿಕ ರಿಟರ್ನ್ ಆದ ಜಿಎಸ್‌ಟಿಆರ್-3ಬಿ ಸಲ್ಲಿಸಬೇಕಿತ್ತು. ಅಷ್ಟರಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಹಿಡಿದು ಬಂದು, “ಸರ್, ಹಾಕಿದರೆ ದೀಪ ಉರಿಯುತ್ತೆ, ಆದರೆ ಸರ್ಟಿಫಿಕೇಟ್ ಕಾಣಿಸ್ತಾನೇ ಇಲ್ಲ” ಎಂದರು.

ಇಂಟೆಲ್ ಯಂತ್ರಗಳಿಗಾಗಿ ಬರೆದ 32 ಮತ್ತು 64 ಬಿಟ್ ತಂತ್ರಾಂಶಗಳನ್ನು ವಿಂಡೋಸ್ 11 ಎಮ್ಯುಲೇಷನ್ ಮೂಲಕ, ಅಂದರೆ ನಡೆಸುವಾಗಲೇ ಎಆರ್‌ಎಂಗೆ ಅನುವಾದಿಸಿ, ನಡೆಸುತ್ತದೆ, ಆದರೆ ವಿಂಡೋಸ್‌ನ ಒಳತಿರುಳಾದ ಕರ್ನಲ್ ಮಟ್ಟದ ಡ್ರೈವರ್‌ಗಳಿಗೆ ಆ ಸೌಲಭ್ಯವಿಲ್ಲ. ಅವು ಎಆರ್‌ಎಂ64ಕ್ಕೆಂದೇ (64 ಬಿಟ್ ಎಆರ್‌ಎಂಗೆ) ಸಿದ್ಧವಾಗಿರಬೇಕು. ನಮ್ಮ ವಿಪಿಎನ್‌ನ ಫೈಲುಗಳೆಲ್ಲ ಡಿಸ್ಕಿಗೆ ಬಂದಿದ್ದವು, ಅದರ ನೆಟ್‌ವರ್ಕ್ ಡ್ರೈವರ್ ಮಾತ್ರ ಕುಳಿತಿರಲಿಲ್ಲ. ಫೈಲ್ ಇದೆಯೇ ಎಂದಷ್ಟೇ ನೋಡುವಂತೆ ನಾನು ನಿಯಮ ಬರೆದಿದ್ದರಿಂದ ಸರ್ವರ್ ಅದನ್ನು ಯಶಸ್ವಿ ಎಂದು ದಾಖಲಿಸಿತ್ತು.

ನನಗೆ ಹೆಚ್ಚು ನೋವಾದದ್ದು ಮುಂದಿನ ಸಂಗತಿಯಿಂದ. ವಿಪಿಎನ್‌ಗೆ ಎಆರ್‌ಎಂ64 ಪ್ಯಾಕೇಜ್ ಸರ್ವರ್‌ನಲ್ಲೇ ಇತ್ತು, ಯಂತ್ರ ನೋಡಿ ಆರಿಸುವ ಸ್ಕ್ರಿಪ್ಟ್ ಕೂಡ ಇತ್ತು. ಲಾಗನ್ನು ಮೂರನೆಯ ಸಲ ಓದುವಾಗ ಒಂದು ಸಾಲು ಕಣ್ಣಿಗೆ ಬಿತ್ತು: ಪ್ರೊಸೆಸರ್ ಆರ್ಕಿಟೆಕ್ಚರ್ ‘ಎಎಂಡಿ64’, ಅಂದರೆ ಇಂಟೆಲ್ ಬಗೆಯ 64 ಬಿಟ್ ಯಂತ್ರ. ಅದೇ ಲ್ಯಾಪ್‌ಟಾಪಿನ ಸೆಟ್ಟಿಂಗ್ಸ್‌ನಲ್ಲಿ ಎಆರ್‌ಎಂ ಪ್ರೊಸೆಸರ್ ಎಂದು ಸ್ಪಷ್ಟವಾಗಿತ್ತು. ಲ್ಯಾಪ್‌ಟಾಪಿನಲ್ಲಿ ಕೂತು ಸರ್ವರ್‌ನ ಆದೇಶ ನಡೆಸುವ ಏಜೆಂಟ್ ತಾನೇ ಇಂಟೆಲ್ ಆವೃತ್ತಿಯದ್ದಾಗಿ ಎಮ್ಯುಲೇಷನ್‌ನಲ್ಲಿ ನಡೆಯುತ್ತಿದ್ದುದರಿಂದ, ಅದರೊಳಗಿನ ಸ್ಕ್ರಿಪ್ಟ್ ಕೇಳಿದಾಗ ವಿಂಡೋಸ್ ಅದಕ್ಕೆ ತಕ್ಕ ಉತ್ತರವನ್ನೇ ಕೊಟ್ಟಿತ್ತು. ನಿಮ್ಮ ಸ್ಕ್ರಿಪ್ಟ್ ಹೀಗೆ ವಿಂಡೋಸ್ ಪ್ರತಿ ಪ್ರೋಗ್ರಾಮಿಗೂ ಕೊಡುವ ಪರಿಸರ ಚರವನ್ನು (ಎನ್ವಿರಾನ್‌ಮೆಂಟ್ ವೇರಿಯಬಲ್) ನಂಬಿದ್ದರೆ ಇಂದೇ ಬದಲಿಸಿ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯ ಸೆಷನ್ ಮ್ಯಾನೇಜರ್ ಕೆಳಗಿನ ಎನ್ವಿರಾನ್‌ಮೆಂಟ್ ಕೀಲಿಯಲ್ಲಿ ಯಂತ್ರದ ನಿಜವಾದ ಬಗೆ ಸಿಗುತ್ತದೆ. ಫೈಲಿನ ಬದಲು ಡ್ರೈವರ್ ಸೇವೆ ನಡೆಯುತ್ತಿದೆಯೇ ಎಂದು ಪರಿಶೀಲಿಸುವಂತೆ ನಿಯಮವನ್ನೂ ತಿದ್ದಿ.

ಆರ್ಡರ್ ಕೊಡುವ ಮೊದಲೇ ಹಳೆಯ ಯಂತ್ರವೊಂದರಲ್ಲಿ ವಿಂಡೋಸ್‌ನಲ್ಲೇ ಇರುವ ಪಿಎನ್‌ಪಿಯುಟಿಲ್ ಆಜ್ಞೆಯಿಂದ ಬೇರೆ ಕಂಪನಿಗಳ ಡ್ರೈವರ್‌ಗಳ ಪಟ್ಟಿ ತೆಗೆದು, ಒಂದೊಂದಕ್ಕೂ ಎಆರ್‌ಎಂ64 ಆವೃತ್ತಿ ಇದೆಯೇ ಎಂದು ತಯಾರಕರಿಂದ ಲಿಖಿತವಾಗಿ ಕೇಳಿ. ಒಂದೇ ಲ್ಯಾಪ್‌ಟಾಪ್ ತರಿಸಿ, ಪ್ರಿಂಟರ್, ಟೋಕನ್, ಮನೆಯಿಂದ ವಿಪಿಎನ್, ಇಷ್ಟನ್ನೂ ಅದನ್ನು ಬಳಸುವವರ ಕೈಯಿಂದಲೇ ಪರೀಕ್ಷಿಸಿ.

ವಿಪಿಎನ್ ಅದೇ ಸಂಜೆ ಸರಿಹೋಯಿತು. ನಮ್ಮ ಟೋಕನ್‌ಗೆ ಮಾತ್ರ ಎಆರ್‌ಎಂ64 ಡ್ರೈವರ್ ಸಿಗಲಿಲ್ಲ. ಮಾರಲು ತೆಗೆದಿಟ್ಟಿದ್ದ ಎರಡು ಇಂಟೆಲ್ ಲ್ಯಾಪ್‌ಟಾಪ್‌ಗಳನ್ನು ಸಹಿಗೆಂದೇ ಉಳಿಸಿಕೊಂಡಿದ್ದೇವೆ. 20ನೇ ತಾರೀಕು ಹತ್ತಿರವಾದಾಗ ಅವುಗಳ ಮುಂದೆ ಜನ ಸರದಿಯಲ್ಲಿ ಕಾಯುತ್ತಾರೆ.