ಮಿನಿ ಕುಂಬಳದ ಬೀಜ: ಕಿತ್ತಳೆ ಪ್ಯಾಕೆಟ್ ತಗೊಳ್ಳಿ, ಒಳಗಿನ ಚೀಟಿ ನಂಬಬೇಡಿ

ಅಂಗೈಯಲ್ಲಿ ಕೂರುವಷ್ಟು ಚಿಕ್ಕ ಕುಂಬಳಕಾಯಿ ಇದು. ಸುಮಾರು ಮೂರು ಇಂಚು ಅಗಲ, ಎರಡು ಇಂಚು ಎತ್ತರ, ಮೈತುಂಬಾ ಆಳವಾದ ಗೆರೆ, ಒಳ್ಳೆ ಕಿತ್ತಳೆ ಬಣ್ಣ. ತಳಿಯ ಹೆಸರು ಜ್ಯಾಕ್ ಬಿ ಲಿಟಲ್. ಬಿಳಿ ಬೇಕು ಅನ್ನುವವರಿಗೆ ಬೇಬಿ ಬೂ ಅಂತ ಇನ್ನೊಂದು ತಳಿ ಇದೆ. ಮನೆಯಲ್ಲಿ ಅಲಂಕಾರಕ್ಕೆ ಇಡೋದಕ್ಕೇ ಇವನ್ನು ಬೆಳೆಯುತ್ತಾರೆ.

ಮೊದಲು ದಾವಣಗೆರೆಯಲ್ಲೇ ಸಿಗುತ್ತಾ ಅಂತ ಎಪಿಎಂಸಿ ಕಡೆ ಬೀಜದ ಅಂಗಡಿಗಳಲ್ಲಿ ಕೇಳಿದೆ. ಮೆಕ್ಕೆಜೋಳ ಇತ್ತು, ಸಿಹಿಗುಂಬಳ ಇತ್ತು, ಇದು ಇರಲಿಲ್ಲ. ಹಾಗಾಗಿ ಆನ್‌ಲೈನ್‌ನಲ್ಲಿ ಎರಡೂ ಬಣ್ಣದ್ದು ತರಿಸಿದೆ. ಪ್ಯಾಕೆಟ್‌ಗೆ 149 ರೂಪಾಯಿ, ಒಳಗೆ 20 ಬೀಜ, ಕೊರಿಯರ್ ದುಡ್ಡು ಬೇರೆ. ಕಂಪನಿ ಹೆಸರು ಇಲ್ಲಿ ಬೇಡ, ನಾನು ಹೇಳಬೇಕಾದ್ದು ಬೀಜದ ಬಗ್ಗೆ ಮತ್ತು ಅದರ ಜೊತೆ ಬಂದ ಚೀಟಿಯ ಬಗ್ಗೆ.

ಚೀಟಿಯಲ್ಲಿ ಏನಿತ್ತು ಅಂದ್ರೆ, ಹಿಮ ಬೀಳುವುದು ನಿಂತ ಮೇಲೆ ವಸಂತದಲ್ಲಿ ಬಿತ್ತಿ, ದಿನವಿಡೀ ಬಿಸಿಲು ಬೀಳುವ ಜಾಗ ಆರಿಸಿ ಅಂತ. ಚಳಿ ದೇಶದವರಿಗೆ ಬರೆದದ್ದನ್ನು ಹಾಗೇ ಅಚ್ಚು ಹಾಕಿಸಿದ್ದಾರೆ. ನಾನು ಅದನ್ನೇ ನಂಬಿ ಫೆಬ್ರವರಿ ಕೊನೆಯಲ್ಲಿ ಅರ್ಧ ಬೀಜ ಹಾಕಿದೆ. ಬಳ್ಳಿ ಚೆನ್ನಾಗೇ ಹಬ್ಬಿತು, ಏಪ್ರಿಲ್ ಬಂತು, ನಮ್ಮೂರ ಏಪ್ರಿಲ್ ಬಿಸಿಲು ನಿಮಗೆ ಗೊತ್ತಲ್ವಾ, ಮಧ್ಯಾಹ್ನ ಹನ್ನೊಂದಕ್ಕೇ ಎಲೆಯೆಲ್ಲ ಜೋತು ಬೀಳುತ್ತಿತ್ತು, ಹೂ ಬಿಟ್ಟಿದ್ದೆಲ್ಲ ಗಂಡು ಹೂವೇ. ಬಂದ ಎರಡೇ ಎರಡು ಹೆಣ್ಣು ಹೂ ಹೀಚಿನಲ್ಲೇ ಹಳದಿಯಾಗಿ ಉದುರಿದವು. ಕುಂಬಳದ ಜಾತಿಯೇ ಹಾಗೆ, ಸೆಕೆ ಜಾಸ್ತಿಯಾದರೆ ಗಂಡು ಹೂ ಹೆಚ್ಚಾಗುತ್ತದೆ, ಹೆಣ್ಣು ಹೂ ಕಮ್ಮಿಯಾಗುತ್ತದೆ. ಇದು ಬೀಜದ ತಪ್ಪಲ್ಲ. ಕಂಪನಿಗೆ ಬರೆದು ಕೇಳಿದರೆ ನಾಲ್ಕು ದಿನ ಬಿಟ್ಟು ಅದೇ ಚೀಟಿಯ ಫೋಟೋ ಕಳಿಸಿದರು. ನನಗೆ ನಿಜಕ್ಕೂ ಬೇಜಾರಾಯಿತು. ಕರ್ನಾಟಕದಲ್ಲಿ ಮಾರುವ ಬೀಜಕ್ಕೆ ಇಲ್ಲಿನ ತಿಂಗಳು ಬರೆದು ಕನ್ನಡದಲ್ಲಿ ನಾಲ್ಕು ಸಾಲು ಹಾಕೋದು ಕಷ್ಟದ ಕೆಲಸವಲ್ಲ.

ಉಳಿದ ಬೀಜವನ್ನು ಜೂನ್ 14ಕ್ಕೆ ಹಾಕಿದೆ, ಮುಂಗಾರು ಹಿಡಿದ ಮೇಲೆ. ಕಥೆಯೇ ಬದಲಾಯಿತು.

ನಮ್ಮ ಹಿತ್ತಲದ್ದು ಎರೆ ಮಣ್ಣು, ಮಳೆ ಬಂದರೆ ನೀರು ನಿಂತು ಬೇರು ಕೊಳೆಯುತ್ತದೆ. ಅದಕ್ಕೆ ಗುಂಡಿ ತೋಡುವ ಬದಲು ಮಣ್ಣು ಏರಿಸಿ ದಿಬ್ಬ ಮಾಡಿದೆ. ಕೆಮ್ಮಣ್ಣು, ಮರಳು, ಹಳೇ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಬೀಜವನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಒಂದು ಇಂಚು ಆಳಕ್ಕೆ ಹಾಕಿದೆ. ಆರನೇ ದಿನಕ್ಕೆ ಮೊಳಕೆ ಮೇಲೆ ಬಂತು. ಕಿತ್ತಳೆಯದ್ದು ಹತ್ತರಲ್ಲಿ ಎಂಟು, ಬಿಳಿಯದ್ದು ಹತ್ತರಲ್ಲಿ ಆರು. ಬೀಜದ ಮೊಳಕೆ ವಿಷಯದಲ್ಲಿ ನನಗೆ ದೂರಿಲ್ಲ. ಎರಡೂ ಸೇರಿ ಒಂಬತ್ತು ಸಸಿ ಉಳಿಸಿಕೊಂಡೆ. ಎರಡು ಎಲೆ ಬಂದಾಗ ಕೆಂಪು ದುಂಬಿ ಬಂದು ಎಲೆಯಲ್ಲಿ ತೂತು ಮಾಡಿತು. ಬೆಳಿಗ್ಗೆ ಅವು ಮಂಕಾಗಿ ಕೂತಿರುತ್ತವೆ, ಆಗಲೇ ಕೈಯಲ್ಲಿ ಹಿಡಿದು ಸೋಪಿನ ನೀರಿಗೆ ಹಾಕಬೇಕು. ಆಮೇಲೆ ಅವ್ವ ಒಲೆಯ ಬೂದಿ ಉದುರಿಸಿದಳು.

ಸರ್ವೆ ಕಂಬ ನೆಟ್ಟು ತಂತಿ ಕಟ್ಟಿ ಚಪ್ಪರ ಮಾಡಿಕೊಂಡರೆ ಇದಕ್ಕೆ ಸಾಕು. ಕಾಯಿ 100-150 ಗ್ರಾಂ ಅಷ್ಟೇ, ಬಳ್ಳಿಗೆ ಭಾರವಾಗಲ್ಲ, ದೊಡ್ಡ ಕುಂಬಳದ ಹಾಗೆ ಜೋಳಿಗೆ ಕಟ್ಟಬೇಕಿಲ್ಲ. ಜಾಗ ಕಮ್ಮಿ ಇರುವ ಮನೆಗೆ ಇದು ದೊಡ್ಡ ಅನುಕೂಲ.

ಈಗ ಮುಖ್ಯವಾದ ಮಾತು. ಮೊದಲ ಹತ್ತು ದಿನ ಬರೀ ಗಂಡು ಹೂ ಬರುತ್ತದೆ, ಹೆದರಬೇಡಿ. ಪಕ್ಕದ ಮನೆ ಆಂಟಿ ನೋಡಿ "ಇದು ಗೊಡ್ಡು ಬಳ್ಳಿ ಕಣ್ರೀ, ಕಿತ್ತು ಹಾಕ್ರಿ" ಅಂದಿದ್ದರು. ಆಮೇಲೆ ಹೆಣ್ಣು ಹೂ ಬಂತು. ಗುರುತಿಸೋದು ಸುಲಭ. ಹೂವಿನ ಬುಡದಲ್ಲಿ ಗೋಲಿಯಷ್ಟು ಪುಟ್ಟ ಕುಂಬಳಕಾಯಿ ಆಗಲೇ ಕೂತಿರುತ್ತದೆ, ಗೆರೆ ಸಮೇತ. ಆದರೆ ಜಿಟಿಜಿಟಿ ಮಳೆಯಲ್ಲಿ ಜೇನು ಬರಲಿಲ್ಲ, ಮೊದಲ ನಾಲ್ಕು ಹೀಚು ಉದುರಿದವು. ಆಗಿನಿಂದ ನಾನೇ ಬೆಳಿಗ್ಗೆ ಆರೂವರೆಗೆ ಎದ್ದು ಹೋಗುತ್ತಿದ್ದೆ. ಆಗಷ್ಟೇ ಅರಳಿದ ಗಂಡು ಹೂ ಕಿತ್ತು, ಎಸಳೆಲ್ಲ ಬಿಡಿಸಿ, ನಡುವಿನ ಕಡ್ಡಿಯನ್ನು ಹೆಣ್ಣು ಹೂವಿನ ಒಳಗೆ ಮೆಲ್ಲಗೆ ಸುತ್ತಲೂ ಒರೆಸಬೇಕು. ಬೆರಳಿಗೆಲ್ಲ ಹಳದಿ ಪುಡಿ ಅಂಟುತ್ತದೆ. ಹತ್ತು ಗಂಟೆ ಮೇಲೆ ಹೂ ಮುದುಡಿಕೊಳ್ಳುತ್ತದೆ, ಆಮೇಲೆ ಪ್ರಯೋಜನವಿಲ್ಲ. ಹಾಗೆ ಮುಟ್ಟಿಸಿದ ಹೂವಿನ ತೊಟ್ಟು ಮೂರ್ನಾಲ್ಕು ದಿನದಲ್ಲಿ ದಪ್ಪಗಾಗಿ ಬಾಗುತ್ತದೆ. ಕಾಯಿ ನಿಂತಿತು ಅಂತ ಅರ್ಥ. ಆ ಬಾಗಿದ ತೊಟ್ಟು ನೋಡಿದ ದಿನ ನನಗಾದ ಖುಷಿ ಹೇಳತೀರದು.

ಹೀಚಿಗೆ ಹಣ್ಣಿನ ನೊಣ ಮೊಟ್ಟೆ ಇಡುತ್ತದೆ. ವಾಸನೆಯಿಂದ ನೊಣವನ್ನು ಸೆಳೆದು ಹಿಡಿಯುವ ಮೋಹಕ ಬಲೆ ಒಂದು ತೂಗುಹಾಕಿ, ಜೊತೆಗೆ ಕಾಯಿಗೆ ಹಳೇ ಬಟ್ಟೆಯ ಚೀಲ ಕಟ್ಟಿ. ಆಗಸ್ಟ್ ಕೊನೆಗೆ ಎಲೆ ಮೇಲೆ ಬೂದಿ ರೋಗ ಬಂತು. ಒಂದು ಲೋಟ ಹಾಲಿಗೆ ಒಂಬತ್ತು ಲೋಟ ನೀರು ಸೇರಿಸಿ ಬಿಸಿಲಿದ್ದ ದಿನ ಸಿಂಪಡಿಸಿದೆ, ಹರಡುವುದು ನಿಧಾನವಾಯಿತು.

ಸೆಪ್ಟೆಂಬರ್ ಕೊನೆಗೆ ಕೊಯ್ಲು. ಕಿತ್ತಳೆಯ ಐದು ಬಳ್ಳಿಗೆ 31 ಕಾಯಿ. ಒಂದೂ ಬೇರೆ ಥರ ಇರಲಿಲ್ಲ. ಈ ಪ್ಯಾಕೆಟ್‌ಗೆ ಕೊಟ್ಟ ದುಡ್ಡು ಪೂರ್ತಿ ವಸೂಲಾಯಿತು. ಬಿಳಿಯದ್ದು ಹಾಗಲ್ಲ. ನಾಲ್ಕು ಬಳ್ಳಿಯಲ್ಲಿ ಮೂರು ಸರಿಯಾಗಿದ್ದವು, ನಾಲ್ಕನೆಯದ್ದು ಹಸಿರು ಪಟ್ಟೆಯ, ಗಂಟು ಗಂಟಾದ ಉದ್ದ ಕಾಯಿ ಬಿಟ್ಟಿತು. ಬೀಜ ಮಾಡುವ ಜಾಗದಲ್ಲೇ ಬೇರೆ ತಳಿಯ ಜೊತೆ ಬೆರಕೆಯಾಗಿದೆ. ಸೌತೆಯಂತೆ ಕಾಣುವ ಜುಕಿನಿ, ಬರೀ ಅಲಂಕಾರಕ್ಕೆ ಬೆಳೆಯುವ ಬಣ್ಣಬಣ್ಣದ ಪುಟ್ಟ ಕಾಯಿಗಳು ಎಲ್ಲ ಇದೇ ಜಾತಿಯವು, ಸುಲಭವಾಗಿ ಬೆರೆಯುತ್ತವೆ. ಹೀಗೆ ಬೆರಕೆಯಾದ ಕಾಯಿಯನ್ನು ಮಾತ್ರ ಅಡುಗೆಗೆ ಹಾಕಬೇಡಿ. ಕಹಿ ಇದ್ದರೆ ಹೊಟ್ಟೆ ಕೆಡುತ್ತದೆ, ಬೇಯಿಸಿದರೂ ಆ ಕಹಿ ಹೋಗಲ್ಲ. ಸರಿಯಾದ ಕಾಯಿ ತಿನ್ನಬಹುದು. ಅವ್ವ ಎರಡು ಕಾಯಿ ಪಲ್ಯ ಮಾಡಿದಳು, ರುಚಿ ಸಿಹಿಯಾಗಿತ್ತು, ಆದರೆ ತಿರುಳು ತೀರಾ ಕಮ್ಮಿ. ಪಲ್ಯಕ್ಕೆ ಸಂತೆಯ ಸಿಹಿಗುಂಬಳವೇ ಸರಿ.

ಬಿಳಿ ಕಾಯಿಗೆ ಇನ್ನೊಂದು ಎಚ್ಚರ: ಬಿಸಿಲು ನೇರ ಬಿದ್ದರೆ ಕೆನೆ ಹಳದಿಗೆ ತಿರುಗುತ್ತದೆ. ಎಲೆ ನೆರಳಲ್ಲಿ ಇರಲಿ, ಬೆಳ್ಳಗಾದ ಕೂಡಲೇ ಕೊಯ್ಯಿರಿ.

ದೀಪಾವಳಿಗೆ ಬಳ್ಳಿಯಲ್ಲಿ ಇನ್ನೂ ಗಂಡು ಹೂ ಇದ್ದವು. ಸಗಣಿಯ ಪಾಂಡವರನ್ನು ಇಡುವಾಗ ಪ್ರತಿ ವರ್ಷ ಕುಂಬಳ ಹೂವಿಗೆ ಹಳ್ಳಿಗೆ ಹೇಳಿ ಕಳಿಸುತ್ತಿದ್ದೆವು. ಈ ಸಲ ಅವ್ವ ಹಿತ್ತಲಿಂದಲೇ ಕಿತ್ತು ತಂದು ಚೆಂಡು ಹೂವಿನ ಜೊತೆ ಸಿಕ್ಕಿಸಿದಳು, ಬಾಗಿಲ ಎರಡೂ ಕಡೆ ಐದೈದು ಕಾಯಿ ಸಾಲಾಗಿ ಜೋಡಿಸಿದಳು. ಬಂದವರೆಲ್ಲ ಮೊದಲು ಅದನ್ನೇ ಮುಟ್ಟಿ ನೋಡಿದರು.

ಕಿತ್ತಳೆ ಪ್ಯಾಕೆಟ್‌ಗೆ ಐದಕ್ಕೆ ನಾಲ್ಕೂವರೆ, ಬಿಳಿಯದ್ದಕ್ಕೆ ಮೂರು. ಜೂನ್ ಮಧ್ಯದಲ್ಲಿ ಬಿತ್ತಿ. ಉಗುರು ಒತ್ತಿದರೆ ಇಳಿಯಬಾರದು, ತೊಟ್ಟು ಒಣಗಿ ಕಂದಾಗಿರಬೇಕು, ಆಗ ಎರಡು ಇಂಚು ತೊಟ್ಟು ಬಿಟ್ಟು ಕತ್ತರಿಯಲ್ಲಿ ಕೊಯ್ದು, ಹತ್ತು ದಿನ ಗಾಳಿಯಾಡುವ ನೆರಳಲ್ಲಿ ಇಡಿ. ನಮ್ಮ ಟಿವಿ ಪಕ್ಕದ ಮೂರು ಕಾಯಿ ಸಂಕ್ರಾಂತಿ ಕಳೆದರೂ ಕಲ್ಲಿನಂತೆ ಗಟ್ಟಿ ಇವೆ. ಎತ್ತುವಾಗ ತೊಟ್ಟು ಹಿಡಿಯಬೇಡಿ. ತೊಟ್ಟು ಮುರಿದ ಒಂದೇ ಒಂದು ಕಾಯಿ ವಾರದಲ್ಲಿ ಅಲ್ಲಿಂದಲೇ ಕೊಳೆಯಿತು.